ಸಾಧು ಕುದುರೆಯೋ, ಸುಸ್ತಾದ ಕುದುರೆಯೋ? ವೆಸ್ಟರ್ನ್ ಪ್ಲೆಷರ್ ಕುದುರೆ ಕೊಳ್ಳುವ ಬಗೆ

ಮಗಳನ್ನು ಸವಾರಿ ಕ್ಲಾಸಿಗೆ ಬಿಡಲು ಹೋದ ಅಮೆರಿಕದ ಕನ್ನಡಿಗರು ಕೊನೆಗೆ ಕುದುರೆಯನ್ನೇ ಕೊಳ್ಳಲು ಹೊರಡುವುದುಂಟು. ಹೊಸಬರಿಗೆ ಬೇಗ ಹಿಡಿಸುವುದು ವೆಸ್ಟರ್ನ್ ಪ್ಲೆಷರ್ ಕುದುರೆ, ಅಂದರೆ ಆ ಹೆಸರಿನ ಸವಾರಿ ಸ್ಪರ್ಧೆಗೆಂದು ಪಳಗಿಸಿದ ಕುದುರೆ. ಲಗಾಮು ಸಡಿಲ, ತಲೆ ತಗ್ಗು, ನಡಿಗೆ ನಿಧಾನ. ಸ್ಪರ್ಧೆಯಲ್ಲೂ ತೀರ್ಪುಗಾರರು ನೋಡುವುದು ಮುಖ್ಯವಾಗಿ ಅದರ ನಡಿಗೆ ಮತ್ತು ಸಮಾಧಾನವನ್ನೇ. ಅಂದರೆ ಮಾರುವವರು ಮಾರುತ್ತಿರುವುದು ಆ ಸಮಾಧಾನವನ್ನು. ನೀವು ಪರೀಕ್ಷಿಸಬೇಕಾದ್ದೂ ಅದನ್ನೇ.

ಮೊದಲು ಖರ್ಚಿನ ಲೆಕ್ಕ. 500 ಕಿಲೋ ತೂಕದ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ ಒಣಹುಲ್ಲು ಬೇಕು. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಲಾಯದ ಬಾಡಿಗೆ ಬೇರೆ. ವಯಸ್ಸು 12 ಆಗಿದ್ದರೆ ಹೆದರಬೇಡಿ, ಕುದುರೆ 25-30 ವರ್ಷ ಬದುಕುತ್ತದೆ. ಕಲಿಯುವವರಿಗೆ ಪಳಗಿದ, ಬೀಜ ತೆಗೆಸಿದ ಗಂಡೇ ಒಳ್ಳೆಯದು.

ಆಮೇಲೆ ಕಾಗದಪತ್ರ. ಈ ಆಟದಲ್ಲಿ ಜಾಸ್ತಿ ಕಾಣುವುದು ಕ್ವಾರ್ಟರ್ ಹಾರ್ಸ್ ತಳಿ. ಅದರ ನೋಂದಣಿ ನೋಡಿಕೊಳ್ಳುವ ಸಂಘ 1940ರಲ್ಲಿ ಶುರುವಾಯಿತು, ಕಚೇರಿ ಟೆಕ್ಸಸ್‌ನಲ್ಲಿದೆ. ಪ್ರಮಾಣಪತ್ರದಲ್ಲಿ ಮಾಲೀಕರೆಂದು ಇರುವ ಹೆಸರು ಮಾರುವವರದ್ದೇನಾ, ನೋಡಿ. ವಂಶವೃಕ್ಷದಲ್ಲಿ 1969ರಲ್ಲಿ ಹುಟ್ಟಿದ 'ಇಂಪ್ರೆಸಿವ್' ಎಂಬ ಗಂಡು ಕುದುರೆ ಇದ್ದರೆ ಎಚ್‌ವೈಪಿಪಿ ಎಂಬ ವಂಶಪಾರಂಪರ್ಯ ಕಾಯಿಲೆಯ ಪರೀಕ್ಷೆಯ ಫಲಿತಾಂಶ ಕೇಳಲೇಬೇಕು. ಮೈಕಟ್ಟಿಗೆ ಹೆಸರಾದ ಆ ಕುದುರೆಯ ಸಂತತಿಯಲ್ಲಿ ಸ್ನಾಯು ನಡುಗಿ ಕುಸಿದು ಬೀಳುವ ಈ ಕಾಯಿಲೆ ಹರಡಿದೆ. ಫಲಿತಾಂಶ 'ಎನ್/ಎನ್' (ಆ ದೋಷ ಇಲ್ಲ) ಎಂದಿದ್ದರೆ ಚಿಂತೆಯಿಲ್ಲ.

ಇನ್ನು ಲಾಯಕ್ಕೆ ಹೋಗುವುದು. ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ. ಮರ್ಯಾದೆ ಅಲ್ಲ ಅನ್ನಿಸಬಹುದು, ಪರವಾಗಿಲ್ಲ! ಜೀನಿನ ಜಾಗ ಆಗಲೇ ಬೆವೆತಿದ್ದರೆ ನಿಮಗೆ ಕಾಣುವ ಸಾಧುತನ ಬರೀ ಸುಸ್ತಿರಬಹುದು. ಹಿಡಿಯುವಾಗ, ಕಾಲೆತ್ತುವಾಗ, ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚುತ್ತದಾ, ಗಮನಿಸಿ. ಬಾಲವನ್ನೂ ನೋಡಿ. ಬಾಲ ಬೀಸಿದರೆ ಸ್ಪರ್ಧೆಯಲ್ಲಿ ಅಂಕ ಹೋಗುತ್ತದೆಂದು ಕೆಲವರು ಇಂಜೆಕ್ಷನ್ ಕೊಟ್ಟು ಬಾಲವನ್ನೇ ಮರಗಟ್ಟಿಸುತ್ತಾರೆ. ನಿಯಮದ ಪ್ರಕಾರ ಅದು ತಪ್ಪು, ಆದರೂ ನಡೆಯುತ್ತದೆ. ನೊಣ ಕೂತರೂ ಅಲ್ಲಾಡದ ಬಾಲ ಕಂಡರೆ ವಾಪಸ್ ಬನ್ನಿ.

ಮೊದಲು ಮಾರುವವರೇ ಹತ್ತಲಿ, ಆಮೇಲೆ ನೀವು. ಎರಡೂ ದಿಕ್ಕಿನಲ್ಲಿ ಓಡಿಸಿ, ಗೊರಸಿನ ಸದ್ದು ಎಣಿಸಿ. ನಾಲ್ಕೂ ಕಾಲು ಒಮ್ಮೆ ಊರುವಷ್ಟರಲ್ಲಿ ಜಾಗ್‌ನಲ್ಲಿ (ನಿಧಾನದ ಓಟ) ಎರಡು ಸದ್ದು, ಲೋಪ್‌ನಲ್ಲಿ (ಅದಕ್ಕಿಂತ ಚುರುಕಾದ, ನೆಗೆಯುವ ಓಟ) ಮೂರು. ಲೋಪ್‌ನಲ್ಲಿ ನಾಲ್ಕು ಕೇಳಿಸಿದರೆ ಬಲವಂತವಾಗಿ ನಿಧಾನ ಮಾಡಿಸಿದ್ದಾರೆ, ಇಲ್ಲವೇ ಎಲ್ಲೋ ನೋವಿದೆ. ಇನ್ನೊಂದು ದಿನ ಮತ್ತೆ ಹೋಗಿ ಹತ್ತಿ. ಕುದುರೆ ಕಂಡರೆ ಕಾಲುನೋವು ಬರುವುದು ಸಹಜ, ಆದರೆ ಮೊದಲ ದಿನವೇ ಅಡ್ವಾನ್ಸ್ ಕೊಡಬೇಡಿ.

ಹಿಡಿಸಿತಾ? ಈಗ ಪಶುವೈದ್ಯರು. ಅವರು ಮಾರುವವರ ಕಡೆಯವರಾಗಿರಬಾರದು. ಕಾಲು ಮಡಿಸಿ ಹಿಡಿದು ಬಿಟ್ಟು ಓಡಿಸಿದಾಗ ಕುಂಟುತ್ತದಾ ಎಂದು ಅವರು ನೋಡುತ್ತಾರೆ. ಮುಂಗಾಲಿನ ಗೊರಸಿನ ಎಕ್ಸ್‌ರೇ ಮಾಡಿಸಿ. ಈ ತಳಿಯಲ್ಲಿ ಗೊರಸಿನೊಳಗಿನ ನ್ಯಾವಿಕುಲರ್ ಮೂಳೆಯ ತೊಂದರೆ ಸಾಮಾನ್ಯ. ಅದೇ ದಿನ ರಕ್ತ ತೆಗೆಸಿ ಇಡಿಸಿ. ಮನೆಗೆ ಬಂದ ಮೇಲೆ ಕುದುರೆಯ ಗುಣ ಬದಲಾದರೆ, ಮತ್ತಿನ ಔಷಧಿ ಕೊಟ್ಟಿದ್ದರೇ ಎಂದು ಆ ರಕ್ತದಲ್ಲಿ ಪರೀಕ್ಷಿಸಬಹುದು. ರಾಜ್ಯ ದಾಟಿಸಲು ಕಾಗಿನ್ಸ್ ಪರೀಕ್ಷೆಯ (ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಪತ್ತೆಮಾಡುವ ರಕ್ತಪರೀಕ್ಷೆ) ವರದಿಯೂ ಬೇಕು.

ನಮ್ಮ ದನದ ಜಾತ್ರೆಯಂತೆ ಟವೆಲ್ ಕೆಳಗೆ ಬೆರಳು ಹಿಡಿದು ಮುಗಿಸುವ ವ್ಯಾಪಾರ ಇದಲ್ಲ. ಕ್ರಯಪತ್ರ, ಮಾಲೀಕತ್ವ ವರ್ಗಾವಣೆ ಫಾರ್ಮ್ ಎರಡಕ್ಕೂ ಸಹಿ ಬಿದ್ದ ಮೇಲಷ್ಟೇ ಟ್ರೇಲರ್ ಬಾಗಿಲು ತೆಗೆಯಿರಿ.