ಪ್ರಗತಿಪಟ್ಟಿ ನಿಜ ಹೇಳುವಂಥ ಇನ್‌ಸ್ಟಾಲರ್ ಬರೆಯುವುದು ಹೇಗೆ?

ತಾವೇ ರೂಪಿಸಿದ ತಂತ್ರಾಂಶವನ್ನು ಜಿಪ್ ಕಡತವಾಗಿ ಕಳಿಸಿ ಬಿಚ್ಚಿಕೊಳ್ಳಿ ಎಂದುಬಿಟ್ಟರೆ, ಕಡತಗಳನ್ನು ಎಲ್ಲಿಡಬೇಕು, ಫಾಂಟನ್ನು ಹೇಗೆ ಸೇರಿಸಬೇಕು, ಮುಂದೆ ಬೇಡವಾದಾಗ ಹೇಗೆ ತೆಗೆಯಬೇಕು ಎಂಬ ತೊಡಕುಗಳೆಲ್ಲ ಬಳಸುವವರ ತಲೆಗೆ ಬೀಳುತ್ತವೆ. ಆ ಹೊರೆಯನ್ನು ಇಳಿಸುವುದು ಇನ್‌ಸ್ಟಾಲರಿನ ಕೆಲಸ. ವಿಂಡೋಸ್ ಕಂಪ್ಯೂಟರುಗಳಿಗೆ ಇದನ್ನು ತಯಾರಿಸುವ ಉಚಿತ ಸಲಕರಣೆಗಳಲ್ಲಿ ಜೋರ್ಡನ್ ರಸೆಲ್ 1997ರಲ್ಲಿ ಮೊದಲು ಹೊರತಂದ ‘ಇನ್ನೋ ಸೆಟಪ್’ ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ಸರಳವಾದ ಪಠ್ಯ ಕಡತವೊಂದರಲ್ಲಿ ಸ್ಕ್ರಿಪ್ಟ್ ಬರೆದು ಕಂಪೈಲ್ ಮಾಡಿದರೆ ಒಂದೇ ಇಎಕ್ಸ್‌ಇ ಕಡತ ಸಿದ್ಧವಾಗುತ್ತದೆ.

ಉದಾಹರಣೆಗೆ ಒಂದು ಕನ್ನಡ ನಿಘಂಟು ತಂತ್ರಾಂಶವನ್ನು ತೆಗೆದುಕೊಳ್ಳೋಣ. ಇದರಲ್ಲಿ ಮುಖ್ಯ ಪ್ರೋಗ್ರಾಂ, ಪದಪಟ್ಟಿಯ ಹತ್ತು ಕಡತಗಳು, ಒಂದು ಯೂನಿಕೋಡ್ ಫಾಂಟ್ ಮತ್ತು ಪದಪಟ್ಟಿಯನ್ನು ಓದಿ ಹುಡುಕಾಟಕ್ಕೆ ಬೇಕಾದ ಸೂಚಿಯನ್ನು ಕಟ್ಟುವ ಸಹಾಯಕ ಪ್ರೋಗ್ರಾಂ ಇವೆ ಎಂದುಕೊಳ್ಳಿ. ಕಡತಗಳ ನಕಲು ಕೆಲವೇ ಕ್ಷಣಗಳಲ್ಲಿ ಮುಗಿದರೂ ಸೂಚಿ ಕಟ್ಟಲು ಕೆಲವು ನಿಮಿಷಗಳು ಬೇಕಾಗಬಹುದು. ಈ ಎರಡನೆಯ ಹಂತದಲ್ಲೇ ಹೆಚ್ಚಿನ ಇನ್‌ಸ್ಟಾಲರುಗಳು ಬಳಕೆದಾರರನ್ನು ಕತ್ತಲಲ್ಲಿ ಇಡುತ್ತವೆ.

ಮುಂದೆ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆದೇಶಗಳ ಹೆಸರುಗಳನ್ನು ಸ್ಕ್ರಿಪ್ಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು.

ಸ್ಕ್ರಿಪ್ಟಿನ ಅಡಿಪಾಯ

ಸ್ಕ್ರಿಪ್ಟ್ ಹಲವು ವಿಭಾಗಗಳಾಗಿ ಹಂಚಿಕೊಂಡಿರುತ್ತದೆ; ಪ್ರತಿ ವಿಭಾಗದ ಹೆಸರು ಚೌಕ ಆವರಣದೊಳಗೆ ಇರುತ್ತದೆ. ಮೊದಲನೆಯದಾದ ‘ಸೆಟಪ್’ ವಿಭಾಗದಲ್ಲಿ ತಂತ್ರಾಂಶದ ಹೆಸರು, ಆವೃತ್ತಿ, ಸ್ಥಾಪನೆಯ ಜಾಗ ಇವನ್ನು ತಿಳಿಸುವ ಆ್ಯಪ್‌ನೇಮ್, ಆ್ಯಪ್‌ವರ್ಷನ್, ಡಿಫಾಲ್ಟ್‌ಡಿರ್‌ನೇಮ್ ಎಂಬ ಸಾಲುಗಳು ಬರುತ್ತವೆ. ತಂತ್ರಾಂಶದ ಗುರುತಾದ ಆ್ಯಪ್‌ಐಡಿಯನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಮುಂದಿನ ಆವೃತ್ತಿಗಳಲ್ಲಿಯೂ ಬದಲಿಸಬಾರದು, ಏಕೆಂದರೆ ಹಳೆಯ ಸ್ಥಾಪನೆಯನ್ನು ಹೊಸ ಇನ್‌ಸ್ಟಾಲರ್ ಗುರುತಿಸುವುದು ಅದರಿಂದಲೇ. ಬೇಕಾದ ಅನುಮತಿಯ ಮಟ್ಟವನ್ನು ತಿಳಿಸುವ ಪ್ರಿವಿಲೇಜಸ್‌ರಿಕ್ವೈರ್ಡ್ ಎಂಬುದಕ್ಕೆ ‘ಲೋಯೆಸ್ಟ್’ ಎಂಬ ಬೆಲೆ ಕೊಟ್ಟು, ಸ್ಥಾಪನೆಯ ಜಾಗವನ್ನು ಪುಷ್ಪಾವರಣದೊಳಗಿನ ‘ಆಟೊಪಿಎಫ್’ ಎಂಬ ಸಂಕೇತದಿಂದ ಸೂಚಿಸಿದರೆ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇಲ್ಲದ ವಿದ್ಯಾರ್ಥಿಯೂ ತನ್ನ ಖಾತೆಯ ಮಟ್ಟಿಗೆ ತಂತ್ರಾಂಶವನ್ನು ಹಾಕಿಕೊಳ್ಳಬಹುದು. ಕಾಲೇಜಿನ ಪ್ರಯೋಗಾಲಯಗಳನ್ನು ನೆನೆದರೆ ಇದು ಸಣ್ಣ ಅನುಕೂಲವಲ್ಲ.

‘ಫೈಲ್ಸ್’ ವಿಭಾಗದಲ್ಲಿ ಯಾವ ಕಡತ ಎಲ್ಲಿಗೆ ಹೋಗಬೇಕು ಎಂಬುದನ್ನು ಸೋರ್ಸ್ ಮತ್ತು ಡೆಸ್ಟ್‌ಡಿರ್ ಎಂಬ ಜೋಡಿಯಿಂದ ತಿಳಿಸಬೇಕು. ಫಾಂಟಿಗೆ ‘ಆಟೊಫಾಂಟ್ಸ್’ ಎಂಬ ಜಾಗವನ್ನೂ ಫಾಂಟ್‌ಇನ್‌ಸ್ಟಾಲ್ ಎಂಬ ಸೂಚನೆಯಲ್ಲಿ ಅದರ ಹೆಸರನ್ನೂ ಕೊಟ್ಟರೆ ವಿಂಡೋಸಿನಲ್ಲಿ ಅದರ ನೋಂದಣಿಯೂ ಆಗುತ್ತದೆ. ಅಡ್ಮಿನಿಸ್ಟ್ರೇಟರ್ ಅನುಮತಿ ಇಲ್ಲದೆ ಫಾಂಟ್ ಸೇರಿಸಲು ವಿಂಡೋಸ್ 10ರ 1803 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು. ಮೆನುವಿನ ಕೊಂಡಿಗಳು ‘ಐಕಾನ್ಸ್’ ವಿಭಾಗಕ್ಕೆ ಸೇರುತ್ತವೆ.

ಪ್ರಗತಿಪಟ್ಟಿ

ಕೆಲಸ ಎಷ್ಟು ಶೇಕಡಾ ಮುಗಿದಿದೆ ಎಂದು ತೋರಿಸುವ ಪಟ್ಟಿ ಇದ್ದರೆ ಬಳಕೆದಾರರು ಅದನ್ನೇ ಮೆಚ್ಚುತ್ತಾರೆ ಎಂಬುದನ್ನು ಆಗ ಟೊರಾಂಟೊ ವಿಶ್ವವಿದ್ಯಾಲಯದಲ್ಲಿದ್ದ ಬ್ರಾಡ್ ಮೈಯರ್ಸ್ 1985ರಷ್ಟು ಹಿಂದೆಯೇ ಪ್ರಯೋಗದ ಮೂಲಕ ತೋರಿಸಿದ್ದರು. ಆದರೆ ಈ ಪಟ್ಟಿಯ ಮೇಲೆ ನಂಬಿಕೆ ಉಳಿಯಬೇಕಾದರೆ ಅದರ ಪ್ರತಿ ಚಲನೆಯ ಹಿಂದೆ ಮುಗಿದ ಕೆಲಸವೊಂದು ಇರಲೇಬೇಕು. ಟೈಮರ್ ಇಟ್ಟು ಸೆಕೆಂಡಿಗೊಮ್ಮೆ ಪಟ್ಟಿಯನ್ನು ಮುಂದೆ ತಳ್ಳುವ ಪದ್ಧತಿಯನ್ನು ನಾನು ಸ್ಪಷ್ಟವಾಗಿ ವಿರೋಧಿಸುತ್ತೇನೆ. ನಿಧಾನವಾದ ಹಳೆಯ ಕಂಪ್ಯೂಟರಿನಲ್ಲಿ ಅಂಥ ಪಟ್ಟಿ ಕೆಲಸ ಅರ್ಧವಾಗಿರುವಾಗಲೇ ತುಂಬಿ ನಿಲ್ಲುತ್ತದೆ. ಎಲ್ಲ ಮುಗಿಯಿತೆಂದು ನಂಬಿದವರು ಕಂಪ್ಯೂಟರನ್ನು ಆರಿಸುತ್ತಾರೆ. ಸೂಚಿ ಅಪೂರ್ಣವಾಗಿ ಉಳಿದು ನಿಘಂಟಿನಲ್ಲಿ ಪದಗಳೇ ಸಿಗದಂತಾಗುತ್ತದೆ.

ಇನ್ನೋ ಸೆಟಪ್ ತಾನಾಗಿಯೇ ತೋರಿಸುವ ಪಟ್ಟಿ ನಕಲಾಗುವ ಕಡತಗಳ ಗಾತ್ರವನ್ನು ಆಧರಿಸಿ ಚಲಿಸುತ್ತದೆ, ಆದ್ದರಿಂದ ಆ ಹಂತಕ್ಕೆ ನಾವು ಏನನ್ನೂ ಬರೆಯಬೇಕಿಲ್ಲ. ನಂತರ ನಡೆಯುವ ಸೂಚಿಯ ಕೆಲಸ ಮಾತ್ರ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಇದಕ್ಕಾಗಿ ಪ್ಯಾಸ್ಕಲ್ ಭಾಷೆಯಲ್ಲಿ ಬರೆಯುವ ‘ಕೋಡ್’ ವಿಭಾಗವನ್ನು ಬಳಸಬೇಕು. ಮೊದಲು ಇನಿಷಿಯಲೈಸ್‌ವಿಝಾರ್ಡ್ ಎಂಬ ಕಾರ್ಯವಿಧಿಯೊಳಗೆ ಕ್ರಿಯೇಟ್‌ಔಟ್‌ಪುಟ್‌ಪ್ರೋಗ್ರೆಸ್‌ಪೇಜ್ ಎಂಬುದನ್ನು ಕರೆದು, ಶೀರ್ಷಿಕೆ ಮತ್ತು ವಿವರಣೆ ಕೊಟ್ಟು, ಸಿಕ್ಕ ಪುಟವನ್ನು ಎಲ್ಲ ಕಾರ್ಯವಿಧಿಗಳಿಗೂ ಸಿಗುವ ಒಂದು ಜಾಗತಿಕ ಚರದಲ್ಲಿ (ಗ್ಲೋಬಲ್ ವೇರಿಯಬಲ್) ಇಟ್ಟುಕೊಳ್ಳಿ. ಪುಟ ಈಗ ಸಿದ್ಧವಾಗಿದೆ, ಆದರೆ ಕಾಣಿಸುವುದಿಲ್ಲ.

ಬಳಿಕ ಕರ್‌ಸ್ಟೆಪ್‌ಚೇಂಜ್ಡ್ ಎಂಬ ಕಾರ್ಯವಿಧಿಯನ್ನು ಬರೆಯಿರಿ. ಸ್ಥಾಪನೆ ಹಂತದಿಂದ ಹಂತಕ್ಕೆ ದಾಟಿದಾಗಲೆಲ್ಲ ಇನ್‌ಸ್ಟಾಲರ್ ಇದನ್ನು ತಾನೇ ಕರೆಯುತ್ತದೆ. ಹಂತದ ಹೆಸರು ಎಸ್‌ಎಸ್‌ಪೋಸ್ಟ್‌ಇನ್‌ಸ್ಟಾಲ್ ಆಗಿದ್ದರೆ ಕಡತಗಳೆಲ್ಲ ತಮ್ಮ ಜಾಗ ಸೇರಿವೆ ಎಂದರ್ಥ. ಆಗ ಪುಟದ ‘ಶೋ’ ಆದೇಶವನ್ನು ಕೊಟ್ಟು, ಒಂದರಿಂದ ಹತ್ತರವರೆಗೆ ಸುತ್ತುವ ಲೂಪ್ ಆರಂಭಿಸಿ. ಪ್ರತಿ ಸುತ್ತಿನ ಮೊದಲಿಗೆ ಸೆಟ್‌ಟೆಕ್ಸ್ಟ್ ಮೂಲಕ ‘ಪದಸೂಚಿ ಸಿದ್ಧವಾಗುತ್ತಿದೆ’ ಎಂಬ ಸಾಲನ್ನೂ ಅದರ ಕೆಳಗೆ ಆಗ ಓದುತ್ತಿರುವ ಕಡತದ ಹೆಸರನ್ನೂ ತೋರಿಸಿ. ಎಕ್ಸೆಕ್ ಎಂಬ ಆದೇಶದಿಂದ ಸಹಾಯಕ ಪ್ರೋಗ್ರಾಮಿಗೆ ಆ ಒಂದು ಕಡತವನ್ನಷ್ಟೇ ಒಪ್ಪಿಸಿ, ಅದು ಮುಗಿಯುವವರೆಗೆ ಕಾಯುವಂತೆ ಹೇಳಿ. ಅದು ಮರಳಿದ ಮೇಲಷ್ಟೇ ಸೆಟ್‌ಪ್ರೋಗ್ರೆಸ್ ಆದೇಶಕ್ಕೆ ಮುಗಿದ ಕಡತಗಳ ಸಂಖ್ಯೆ ಮತ್ತು ಒಟ್ಟು ಸಂಖ್ಯೆ ಎರಡನ್ನೂ ಕೊಡಿ. ಶೇಕಡಾವಾರು ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ಕಡತಗಳ ಗಾತ್ರದಲ್ಲಿ ಬಹಳ ಅಂತರವಿದ್ದರೆ ಎಣಿಕೆಯ ಬದಲು ಗಾತ್ರವನ್ನೇ ಕೂಡುತ್ತ ಹೋಗುವುದು ಉತ್ತಮ. ‘ಅ’ಕಾರದ ಕಡತ ‘ಘ’ಕಾರದ ಕಡತಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿರುವಾಗ ಎರಡಕ್ಕೂ ಒಂದೇ ಹೆಜ್ಜೆ ಕೊಡುವುದು ಸರಿಯಲ್ಲ.

ಎಕ್ಸೆಕ್ ವಿಷಯದಲ್ಲಿ ಎರಡು ಉತ್ತರಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಅದು ‘ಟ್ರೂ’ ಎಂದು ಮರಳಿಸಿದರೆ ಪ್ರೋಗ್ರಾಂ ಶುರುವಾಯಿತು ಎಂದಷ್ಟೇ ತಿಳಿಯುತ್ತದೆ. ಕೆಲಸ ಸರಿಯಾಗಿ ಮುಗಿಯಿತೇ ಎಂಬುದು ಗೊತ್ತಾಗುವುದು ರಿಸಲ್ಟ್‌ಕೋಡ್ ಎಂಬ ಚರದಲ್ಲಿ, ವಾಡಿಕೆಯಂತೆ ಸೊನ್ನೆ ಬಂದಾಗ. ಎರಡರಲ್ಲಿ ಯಾವುದು ತಪ್ಪಿದರೂ ಲೂಪನ್ನು ನಿಲ್ಲಿಸಿ, ಯಾವ ಕಡತದಲ್ಲಿ ತೊಂದರೆಯಾಯಿತು ಎಂಬುದನ್ನು ಸ್ಪಷ್ಟ ಕನ್ನಡದಲ್ಲಿ ತಿಳಿಸಿ. ಇಡೀ ಲೂಪನ್ನು ಟ್ರೈ ಮತ್ತು ಫೈನಲಿ ಎಂಬ ಜೋಡಿಯೊಳಗೆ ಬರೆದು ಪುಟವನ್ನು ಮರೆಮಾಡುವ ‘ಹೈಡ್’ ಆದೇಶವನ್ನು ಫೈನಲಿ ಭಾಗದಲ್ಲಿ ಇಟ್ಟರೆ, ನಡುವೆ ದೋಷ ಬಂದರೂ ಪುಟ ಪರದೆಯ ಮೇಲೆ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಕೆಲಸದ ಒಟ್ಟು ಪ್ರಮಾಣವೇ ತಿಳಿಯದ ಸಂದರ್ಭಗಳೂ ಇರುತ್ತವೆ. ಆಗ ಊಹೆಯ ಶೇಕಡಾ ತೋರಿಸುವ ಬದಲು, ಅತ್ತಿಂದಿತ್ತ ಓಡುತ್ತಿರುವ ಮಾರ್ಕೀ ಮಾದರಿಯ ಪಟ್ಟಿಯನ್ನು ಬಳಸಬೇಕು. ಕೆಲಸ ನಡೆದಿದೆ ಎಂದಷ್ಟನ್ನೇ ಅದು ಹೇಳುತ್ತದೆ, ಮತ್ತು ಅಲ್ಲಿ ನಮಗೆ ತಿಳಿದಿರುವುದೂ ಅಷ್ಟೇ.

ಕನ್ನಡದಲ್ಲಿ ಸಂದೇಶಗಳು

ಕನ್ನಡ ನಿಘಂಟಿನ ಇನ್‌ಸ್ಟಾಲರ್ ಇಂಗ್ಲಿಷಿನಲ್ಲಿ ಮಾತನಾಡಬೇಕಾದ ಕಾರಣವಿಲ್ಲ. ಇನ್ನೋ ಸೆಟಪ್‌ನೊಂದಿಗೆ ಬರುವ ಡಿಫಾಲ್ಟ್ ಎಂಬ ಹೆಸರಿನ ಐಎಸ್‌ಎಲ್ ಕಡತದ ಪ್ರತಿಯೊಂದನ್ನು ಮಾಡಿಕೊಂಡು, ಅದರ ಸಂದೇಶಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದು, ಯುಟಿಎಫ್-8 ವಿಧಾನದಲ್ಲಿ ಉಳಿಸಿ, ‘ಲಾಂಗ್ವೇಜಸ್’ ವಿಭಾಗದಲ್ಲಿ ಅದನ್ನು ಹೆಸರಿಸಿದರೆ ಸಾಕು. ಭಾಷೆಯ ಗುರುತಿನ ಸಂಖ್ಯೆಯಾಗಿ ವಿಂಡೋಸ್ ಕನ್ನಡಕ್ಕೆ ಕೊಟ್ಟಿರುವ 1099ರ ಹದಿನಾರು-ಆಧಾರದ ರೂಪವನ್ನು, ಅಂದರೆ ಸೊನ್ನೆ, ನಾಲ್ಕು, ನಾಲ್ಕು, ಬಿ ಎಂಬುದನ್ನು, ಅದರ ಮೊದಲಿಗೆ ಡಾಲರ್ ಚಿಹ್ನೆ ಹಾಕಿ ಬರೆಯಬೇಕು. ಸಂದೇಶಗಳ ನಡುವೆ ಬರುವ %1ರಂಥ ಗುರುತುಗಳ ಜಾಗದಲ್ಲಿ ತಂತ್ರಾಂಶದ ಹೆಸರು ಮೊದಲಾದವು ತುಂಬಿಕೊಳ್ಳುವುದರಿಂದ ಅವನ್ನು ಅಳಿಸಬೇಡಿ. ಹೆಸರಿಗೆ ವಿಭಕ್ತಿ ಪ್ರತ್ಯಯ ಅಂಟಿಸಬೇಕಾದ ಕಡೆ, ಯಾವ ಹೆಸರು ಬಂದರೂ ಹೊಂದುವಂತೆ ‘ತಂತ್ರಾಂಶವನ್ನು’ ಎಂಬ ಪದವನ್ನು ಹೆಸರಿನ ನಂತರ ಸೇರಿಸುವುದು ಒಳ್ಳೆಯದು.

ತೆಗೆದುಹಾಕುವುದು ಮತ್ತು ಪರೀಕ್ಷೆ

ಅನ್‌ಇನ್‌ಸ್ಟಾಲರ್ ತಾನೇ ಹಾಕಿದ ಕಡತಗಳನ್ನಷ್ಟೇ ಬಲ್ಲದು. ಸಹಾಯಕ ಪ್ರೋಗ್ರಾಂ ಸೃಷ್ಟಿಸಿದ ಸೂಚಿ ಅದಕ್ಕೆ ತಿಳಿಯದು. ಆದ್ದರಿಂದ ಸೂಚಿಯ ಫೋಲ್ಡರನ್ನು ‘ಅನ್‌ಇನ್‌ಸ್ಟಾಲ್‌ಡಿಲೀಟ್’ ವಿಭಾಗದಲ್ಲಿ ನಿರ್ದಿಷ್ಟವಾಗಿ ಹೆಸರಿಸಬೇಕು. ಇಡೀ ಸ್ಥಾಪನಾ ಫೋಲ್ಡರನ್ನೇ ಅಳಿಸುವಂತೆ ಎಂದೂ ಬರೆಯಬಾರದು, ಏಕೆಂದರೆ ಬಳಕೆದಾರರು ತಾವೇ ಸೇರಿಸಿಕೊಂಡ ಪದಗಳು ಅಲ್ಲಿರಬಹುದು.

ಕಂಟ್ರೋಲ್ ಮತ್ತು ಎಫ್9 ಒಟ್ಟಿಗೆ ಒತ್ತಿದರೆ ಸ್ಕ್ರಿಪ್ಟ್ ಕಂಪೈಲ್ ಆಗುತ್ತದೆ. ಸಿದ್ಧವಾದ ಇನ್‌ಸ್ಟಾಲರನ್ನು ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಮಾತ್ರ ನೋಡಿ ತೃಪ್ತರಾಗಬೇಡಿ. ಬೇಕಾದ ಫಾಂಟೂ ಸಹಾಯಕ ಕಡತಗಳೂ ಅಲ್ಲಿ ಮೊದಲೇ ಇರುವುದರಿಂದ ಕೊರತೆಗಳು ಕಾಣುವುದಿಲ್ಲ. ವಿಂಡೋಸಿನ ಪ್ರೊ ಆವೃತ್ತಿಯಲ್ಲಿರುವ ‘ಸ್ಯಾಂಡ್‌ಬಾಕ್ಸ್’ ಪ್ರತಿ ಬಾರಿಯೂ ಹೊಚ್ಚಹೊಸ ವಿಂಡೋಸನ್ನು ತೆರೆದುಕೊಡುವುದರಿಂದ ಈ ಪರೀಕ್ಷೆಗೆ ಬಹಳ ತಕ್ಕದ್ದು. ಪದಪಟ್ಟಿಯ ಒಂದು ಕಡತವನ್ನು ಬೇಕೆಂದೇ ಕೆಡಿಸಿ ಕಂಪೈಲ್ ಮಾಡಿದ ಇನ್‌ಸ್ಟಾಲರನ್ನೂ ಅಲ್ಲಿ ಓಡಿಸಿ, ಪ್ರಗತಿಪಟ್ಟಿ ಆ ಕಡತದ ಬಳಿಯೇ ನಿಂತು ಸರಿಯಾದ ಸಂದೇಶ ಬರುತ್ತದೆಯೇ ನೋಡಿ. ಪ್ರಯೋಗಾಲಯದ ಹತ್ತಾರು ಕಂಪ್ಯೂಟರುಗಳಿಗೆ ಒಟ್ಟಿಗೆ ಹಾಕುವವರು ಇನ್‌ಸ್ಟಾಲರನ್ನು ಓಡಿಸುವ ಆದೇಶಕ್ಕೆ ‘ವೆರಿಸೈಲೆಂಟ್’ ಎಂಬ ಸ್ವಿಚ್ (ಹೆಚ್ಚುವರಿ ಸೂಚನೆ) ಸೇರಿಸುತ್ತಾರೆ, ಆಗ ಪ್ರಗತಿಯ ವಿಂಡೋ ಕೂಡ ಕಾಣಿಸುವುದಿಲ್ಲ. ಅಂಥವರಿಗಾಗಿ, ನಡೆದುದೆಲ್ಲವನ್ನೂ ಕಡತವೊಂದರಲ್ಲಿ ದಾಖಲಿಸುವ ‘ಲಾಗ್’ ಸ್ವಿಚ್ಚಿನ ಬಳಕೆಯನ್ನೂ ತಂತ್ರಾಂಶದ ಕೈಪಿಡಿಯಲ್ಲಿ ತಿಳಿಸಿ.