‘ಪಲ್ಸೇಟ್’ ಪದವನ್ನು ಬಿಡಿಸಿ ನೋಡಿ ಕನ್ನಡಕ್ಕೆ ತರುವುದು ಹೇಗೆ

ಇಂಗ್ಲಿಷ್ ಬರಹದಲ್ಲಿ ‘ಪಲ್ಸೇಟ್’ ಎದುರಾದರೆ ಮೊದಲು ಅದರ ಬೇರು ನೋಡಿ. ಲ್ಯಾಟಿನ್ನಿನಲ್ಲಿ ‘ಪೆಲ್ಲೆರೆ’ ಎಂದರೆ ತಳ್ಳು, ಬಡಿ. ಅದರಿಂದ ಹುಟ್ಟಿದ್ದು ‘ಪುಲ್ಸಾರೆ’, ಅಂದರೆ ಮತ್ತೆ ಮತ್ತೆ ಬಡಿ. ಪಲ್ಸೇಟ್ ಬಂದದ್ದು ಇದರಿಂದ. ಪುಶ್, ಇಂಪಲ್ಸ್, ಪ್ರೊಪೆಲ್ಲರ್ ಎಲ್ಲ ಇದೇ ಮನೆತನದವು. ‘ಮತ್ತೆ ಮತ್ತೆ’ ಎಂಬುದನ್ನು ಮರೆಯಬೇಡಿ. ಲಯವಿಲ್ಲದ ಅಲುಗಾಟಕ್ಕೆ ಈ ಪದ ಒಪ್ಪುವುದಿಲ್ಲ.

ಆಮೇಲೆ ಮಿಡಿಯುತ್ತಿರುವುದು ಏನು ಎಂದು ಕೇಳಿಕೊಳ್ಳಿ. ನಾಡಿಯಾದರೆ ಮಿಡಿಯುತ್ತದೆ. ಎದೆಯಾದರೆ ಬಡಿಯುತ್ತದೆ, ಹೆದರಿದಾಗ ಡವಗುಟ್ಟುತ್ತದೆ. ನೋವಾದರೆ ಇಂಗ್ಲಿಷಿನವರು ಹೆಚ್ಚಾಗಿ ‘ಥ್ರಾಬ್’ ಎನ್ನುತ್ತಾರೆ, ನಾವು ‘ತಲೆ ಸಿಡಿಯುತ್ತಿದೆ’ ಎನ್ನುತ್ತೇವೆ. ಅಲ್ಲಿ ‘ತಲೆ ಮಿಡಿಯುತ್ತಿದೆ’ ಎಂದು ಬರೆದರೆ ನೋವೇ ಕಾಣದು. ಕಣ್ಣು ಅದುರುವುದಕ್ಕೆ ಕಟ್ಟುನಿಟ್ಟಾದ ಲಯವಿಲ್ಲ, ಅದು ಪಲ್ಸೇಟ್ ಅಲ್ಲ. ‘ಕಂಪಿಸು’ ಕೂಡ ಬೇಡ, ಅದು ವೈಬ್ರೇಟ್‌ಗೆ ಇರಲಿ. ‘ಸ್ಪಂದಿಸು’ ಮೂಲಾರ್ಥದಲ್ಲಿ ಸರಿಯೇ. ಆದರೆ ಪತ್ರಿಕೆಗಳಲ್ಲಿ ‘ಮನವಿಗೆ ಸ್ಪಂದಿಸಿದರು’ ಎಂದು ಓದಿ ಓದಿ, ಈಗ ಓದುಗರಿಗೆ ಅದು ‘ಪ್ರತಿಕ್ರಿಯಿಸು’ ಎಂದೇ ಕೇಳಿಸುತ್ತದೆ.

ಹೆಚ್ಚು ಜನ ಎಡವುವುದು ‘ಪಲ್ಸ್’ ಎಂಬ ನಾಮಪದದಲ್ಲಿ. ಬೇಳೆಕಾಳು ಎಂಬ ಅರ್ಥದ ಪಲ್ಸ್ ಬೇರೆಯೇ ಪದ. ಅದು ಗಂಜಿ ಎಂಬರ್ಥದ ಲ್ಯಾಟಿನ್ ‘ಪುಲ್ಸ್’ನಿಂದ ಬಂದದ್ದು. ನಾಡಿಯ ಮಿಡಿತಕ್ಕೂ ಉಪ್ಪಿನಕಾಯಿಯ ಮಾವಿನಮಿಡಿಗೂ ಅಕ್ಷರ ಒಂದೇ ಆದಂತೆ! ಅಡುಗೆ ವಿಧಾನದಲ್ಲಿ ‘ಮೂರು ಸಲ ಪಲ್ಸ್ ಮಾಡಿ’ ಎಂದಿದ್ದರೆ ಬೇಳೆ ಹುಡುಕಬೇಡಿ: ಮಿಕ್ಸಿಯ ಗುಂಡಿಯನ್ನು ಒಂದೆರಡು ಸೆಕೆಂಡ್ ತಿರುಗಿಸಿ ಬಿಡಿ, ಹೀಗೆ ಮೂರು ಸಲ. ಒಂದೇ ಸಮ ತಿರುಗಿಸಿದರೆ ತರಿತರಿಯಾಗಬೇಕಾದದ್ದು ನುಣ್ಣಗಾಗುತ್ತದೆ.

ಖಗೋಳದ ಬರಹದಲ್ಲಿ ಇನ್ನೂ ಎಚ್ಚರ ಬೇಕು. ಡೆಲ್ಟಾ ಸೆಫೈ ನಕ್ಷತ್ರ ಸುಮಾರು 5.4 ದಿನಕ್ಕೊಮ್ಮೆ ನಿಜಕ್ಕೂ ಹಿಗ್ಗಿ ಕುಗ್ಗುತ್ತದೆ. ಅದನ್ನು ‘ಮಿಡಿಯುವ ನಕ್ಷತ್ರ’ ಎನ್ನಬಹುದು. 1967ರಲ್ಲಿ ಖಗೋಳ ವಿಜ್ಞಾನಿ ಜೋಸಲಿನ್ ಬೆಲ್ ಗುರುತಿಸಿದ ಮೊದಲ ಪಲ್ಸಾರ್ (ವೇಗವಾಗಿ ತಿರುಗುತ್ತ ರೇಡಿಯೊ ಸಂಕೇತ ಬೀರುವ ನಕ್ಷತ್ರ) ಹಾಗಲ್ಲ. ಅದರ ಸಂಕೇತ ಸುಮಾರು 1.34 ಸೆಕೆಂಡಿಗೊಮ್ಮೆ ಬರುವುದು ಅದು ತಿರುಗುವುದರಿಂದ, ಕಡಲತೀರದ ದೀಪಸ್ತಂಭದ ಬೆಳಕು ಸುತ್ತಿ ಬಂದಂತೆ. ಅದು ಹಿಗ್ಗಿ ಕುಗ್ಗುವುದಿಲ್ಲ. ಅದಕ್ಕೆ ‘ಪಲ್ಸಾರ್’ ಎಂಬ ಹೆಸರನ್ನೇ ಉಳಿಸಿಕೊಳ್ಳಿ.