ಅಪೀಲು ಹಾಕಿದರೆ ಸಾಲದು, ವಸೂಲಿಗೆ ತಡೆಯನ್ನೂ ಕೇಳಿ

ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಅಡಿಕೆ ಮಾರಿದ ನಗದನ್ನು ಬ್ಯಾಂಕಿಗೆ ಕಟ್ಟಿದ್ದಾರೆ ಅಂದುಕೊಳ್ಳಿ. ಅದು ಕೃಷಿಯ ದುಡ್ಡು ಅಂತ ಆದಾಯ ತೆರಿಗೆ ಅಧಿಕಾರಿ ಒಪ್ಪಲಿಲ್ಲ. 10 ಲಕ್ಷ ಕಟ್ಟಿ ಎಂದು ಡಿಮ್ಯಾಂಡ್ ನೋಟಿಸ್ ಬಂತು. ಆಡಿಟರ್ ಅಪೀಲು ಹಾಕಿದರು, ಇವರು ನಿರಾಳರಾದರು. ಕೆಲವು ತಿಂಗಳಲ್ಲಿ ಬ್ಯಾಂಕ್ ಖಾತೆಯೇ ಜಪ್ತಿ! ಅಪೀಲು ಬಾಕಿ ಇದೆ ಅನ್ನುವ ಒಂದೇ ಕಾರಣಕ್ಕೆ ವಸೂಲಿ ನಿಲ್ಲುವುದಿಲ್ಲ. ತಡೆಗೆ ಬೇರೆಯೇ ಅರ್ಜಿ ಬೇಕು.

ಮೊದಲು ನೋಟಿಸ್ ಕೈಸೇರಿದ ದಿನ ಬರೆದಿಟ್ಟುಕೊಳ್ಳಿ. ದುಡ್ಡು ಕಟ್ಟಲೂ ಅಪೀಲು ಹಾಕಲೂ ಸಾಮಾನ್ಯವಾಗಿ 30 ದಿನ. ಅಷ್ಟರೊಳಗೆ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಅಪೀಲಿನ ಅರ್ಜಿಯಾದ ಫಾರ್ಮ್ 35 ತುಂಬಿ. ಅಲ್ಲೇ ಬಾಕಿ ಡಿಮ್ಯಾಂಡ್ ವಿಭಾಗದಲ್ಲಿ 'ಒಪ್ಪುವುದಿಲ್ಲ' ಎಂದು ಉತ್ತರವನ್ನೂ ಕೊಡಿ.

ಆಮೇಲೆ ಮುಖ್ಯ ಕೆಲಸ. 1961ರ ಆದಾಯ ತೆರಿಗೆ ಕಾಯ್ದೆಯ ಕೇಸಾದರೆ 220(6)ನೇ ಸೆಕ್ಷನ್ ಹೆಸರಿಸಿ, ತೆರಿಗೆ ನಿಗದಿ ಮಾಡುವ ಅಸೆಸಿಂಗ್ ಅಧಿಕಾರಿಗೆ ತಡೆ ಕೇಳಿ ಅರ್ಜಿ ಬರೆಯಿರಿ. 'ದಯವಿಟ್ಟು ಸಮಯ ಕೊಡಿ' ಅಂತ ಸುಮ್ನೆ ಬೇಡಿಕೊಂಡರೆ ಸಾಲದು. ಆದೇಶ ಎಲ್ಲಿ ತಪ್ಪಿದೆ, ಈಗಲೇ ಕಟ್ಟಿದರೆ ಏನು ಕಷ್ಟ, ಎರಡನ್ನೂ ಹೇಳಿ. ಮಂಡಿಯ ಪಟ್ಟಿ, ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಅಪೀಲಿನ ರಸೀದಿ ಜೊತೆಗಿರಲಿ.

ಸಿಬಿಡಿಟಿ, ಅಂದರೆ ಕೇಂದ್ರ ನೇರ ತೆರಿಗೆ ಮಂಡಳಿಯ 2017ರ ಜುಲೈ 31ರ ಸೂಚನೆ ಪ್ರಕಾರ ವಿವಾದದ ಡಿಮ್ಯಾಂಡ್‌ನ ಶೇ 20 ಕಟ್ಟಿದರೆ ಸಾಮಾನ್ಯವಾಗಿ ತಡೆ ಸಿಗುತ್ತದೆ. ಇಲ್ಲಿ 2 ಲಕ್ಷ. ಮೊದಲು ಇದು ಶೇ 15 ಇತ್ತು. ಆದರೆ ಶೇ 20 ಕಲ್ಲಿನಲ್ಲಿ ಕೊರೆದ ಗೆರೆಯಲ್ಲ. ಅದಕ್ಕಿಂತ ಕಡಿಮೆಗೂ ತಡೆ ಕೊಡಬಹುದು ಎಂದು ಎಲ್‌ಜಿ ಎಲೆಕ್ಟ್ರಾನಿಕ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಿಮ್ಮ ವಿಷಯದಲ್ಲಿ ಹೈಕೋರ್ಟ್ ಈಗಾಗಲೇ ತೆರಿಗೆದಾರರ ಪರ ತೀರ್ಪು ಕೊಟ್ಟಿದ್ದರೆ ಧೈರ್ಯವಾಗಿ ಕಡಿಮೆ ಕೇಳಿ. ಎಷ್ಟೋ ಜನ ಕೇಳುವುದೇ ಇಲ್ಲ, ಅದೇ ಬೇಸರ.

ಅರ್ಜಿ ಎರಡು ವಾರದಲ್ಲಿ ಇತ್ಯರ್ಥವಾಗಬೇಕು ಅನ್ನುತ್ತದೆ ಇಲಾಖೆಯ ಸೂಚನೆ. ತಿರಸ್ಕರಿಸಿದರೆ ಪ್ರಿನ್ಸಿಪಲ್ ಕಮಿಷನರ್ ಬಳಿ ಹೋಗಿ. ಅಲ್ಲೂ ಆಗದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ.

ತಡೆ ಸಿಕ್ಕರೂ ಆದೇಶವನ್ನು ಪೂರ್ತಿ ಓದಿ. ಆರು ತಿಂಗಳಿಗೆ ಮರುಪರಿಶೀಲನೆ, ಬರಬೇಕಾದ ರೀಫಂಡ್ ಹೊಂದಾಣಿಕೆ ಇಂಥ ಷರತ್ತು ಇರಬಹುದು. ಬಡ್ಡಿಯಂತೂ ನಿಲ್ಲುವುದಿಲ್ಲ. ಅಪೀಲು ಸೋತರೆ ಕಟ್ಟದ ಮೊತ್ತಕ್ಕೆ ತಿಂಗಳಿಗೆ ಶೇ 1 ಸೇರುತ್ತದೆ. ಕೇಸು ಗಟ್ಟಿಯಿಲ್ಲ ಅಂತ ಆಡಿಟರ್ ಹೇಳಿದರೆ, ಕೈಯಲ್ಲಿ ದುಡ್ಡಿದ್ದಾಗ ಜಾಸ್ತಿ ಕಟ್ಟಿಬಿಡುವುದೇ ಒಳ್ಳೆಯದು. ಗೆದ್ದರೆ ಅದು ಬಡ್ಡಿ ಸಮೇತ ವಾಪಸ್ ಬರುತ್ತದೆ.